ಹೆನ್ರಿ ಮೂರ್ ಅವರ ಕುರಿಗಳು: ಕುರಿ ಬಲ್ಲ ನಮ್ಮ ಭಾಗದವರು ಏನಂತೀರಿ?

ಡ್ರಾಯಿಂಗ್ ಮಾಸ್ತರ, ಹುನಗುಂದ

ಎಲ್ಲರಿಗೂ ನಮಸ್ಕಾರ. ಹುನಗುಂದ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆ ಹೇಳಿಕೊಡುತ್ತೇನೆ. ಇಂಗ್ಲೆಂಡಿನಲ್ಲಿರುವ ನಮ್ಮ ಅಕ್ಕನ ಮಗಳು ಹೋದ ವಾರ ಒಂದಿಷ್ಟು ಫೋಟೊ ಕಳಿಸಿದಳು. ಅವರೂರಿನ ಮ್ಯೂಸಿಯಮ್ಮಿಗೆ ಊರಿಂದ ಊರಿಗೆ ಸಾಗುವ ಪ್ರದರ್ಶನವೊಂದು ಬಂದಿದೆಯಂತೆ. ಶಿಲ್ಪಿ ಹೆನ್ರಿ ಮೂರ್ ಅವರ ಕುರಿಗಳು: ಪೆನ್ನಿನಲ್ಲಿ ಗೀಚಿದವು, ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ತೆಗೆದವು, ಜೊತೆಗೆ ಕಂಚಿನ ದೊಡ್ಡ ಶಿಲ್ಪದ ಫೋಟೊ.

ಮೂರ್ ಹೆಸರು ಕೇಳಿರದವರಿಗೆ ಎರಡು ಮಾತು. 1898ರಲ್ಲಿ ಯಾರ್ಕ್‌ಶೈರಿನ ಕ್ಯಾಸಲ್‌ಫರ್ಡ್ ಎಂಬ ಊರಲ್ಲಿ ಹುಟ್ಟಿದರು, ತಂದೆ ಕಲ್ಲಿದ್ದಲು ಗಣಿಯಲ್ಲಿ ದುಡಿಯುತ್ತಿದ್ದವರು. ಎರಡನೇ ಮಹಾಯುದ್ಧದಲ್ಲಿ ಲಂಡನ್ನಿನ ಮನೆಗೆ ಬಾಂಬಿನ ಏಟು ಬಿದ್ದ ಮೇಲೆ 1940ರಲ್ಲಿ ಹರ್ಟ್‌ಫರ್ಡ್‌ಶೈರಿನ ಪೆರಿ ಗ್ರೀನ್ ಎಂಬ ಹಳ್ಳಿಗೆ ಬಂದವರು 1986ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಉಳಿದರು. ಮಲಗಿದ ಹೆಂಗಸು, ತಾಯಿ-ಮಗು ಇಂಥ ದೊಡ್ಡ ದೊಡ್ಡ ಶಿಲ್ಪಗಳಿಂದ ಲೋಕಕ್ಕೆಲ್ಲ ಗೊತ್ತು.

ಕುರಿ ಬಂದದ್ದು ಹೀಗೆ. 1972ರಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಅವರದೊಂದು ಭಾರೀ ಪ್ರದರ್ಶನ. ಶಿಲ್ಪಗಳನ್ನು ಕಟ್ಟಿ ಪೆಟ್ಟಿಗೆಗೆ ತುಂಬುವ ಗದ್ದಲದಲ್ಲಿ ದೊಡ್ಡ ಸ್ಟುಡಿಯೋಗಳಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಹೊಲದ ಕಡೆ ಕಿಟಕಿ ಇದ್ದ ಒಂದು ಸಣ್ಣ ಕೋಣೆಗೆ ಹೋಗಿ ಕೂತರು. ಕಿಟಕಿಯಾಚೆ ಊರಿನ ರೈತನೊಬ್ಬನ ಕುರಿಗಳು ಮೇಯುತ್ತಿದ್ದವು. ಕೈಗೆ ಸಿಕ್ಕ ಬಾಲ್‌ಪೆನ್ನಿನಲ್ಲಿ ಬರೆಯಲು ಶುರು ಮಾಡಿದರು. ಕುರಿ ಅತ್ತ ಹೊರಳಿದರೆ ಕಿಟಕಿಯ ಗಾಜು ಬಡಿಯುತ್ತಿದ್ದರಂತೆ. ಸಪ್ಪಳಕ್ಕೆ ಕುರಿ ತಲೆ ಎತ್ತಿ ನೋಡಿದಾಗ ಮುಖ ಬರೆದುಕೊಳ್ಳುತ್ತಿದ್ದರಂತೆ. ಮೊದಮೊದಲು ಅವು ತಲೆ, ನಾಲ್ಕು ಕಾಲು ಇರುವ ಆಕಾರವಿಲ್ಲದ ಉಣ್ಣೆ ಮುದ್ದೆಗಳಾಗಿ ಕಂಡವು, ನೋಡುತ್ತಾ ಹೋದ ಹಾಗೆ ಉಣ್ಣೆಯ ಒಳಗೆ ತನ್ನದೇ ರೀತಿಯಲ್ಲಿ ಚಲಿಸುವ ಮೈ ಇದೆ, ಒಂದೊಂದು ಕುರಿಗೂ ಒಂದೊಂದು ಸ್ವಭಾವ ಇದೆ ಎಂದು ತಿಳಿಯಿತು ಎಂಬರ್ಥದ ಮಾತನ್ನು ಅವರೇ ಹೇಳಿದ್ದಾರೆ.

ನಾನು ಆ ಚಿತ್ರಗಳನ್ನು ಪ್ರಿಂಟ್ ತೆಗೆದು ಎಂಟನೇ ತರಗತಿಗೆ ಒಯ್ದೆ. ನನ್ನ ಮಕ್ಕಳಲ್ಲಿ ಅರ್ಧದಷ್ಟು ಮನೆಗಳಲ್ಲಿ ಕುರಿ ಇವೆ. ‘ಕುರಿ ಬರೀರಿ’ ಎಂದರೆ ಈ ಮಕ್ಕಳು ಮೋಡದ ಹಾಗೆ ಒಂದು ಸುರುಳಿ ಎಳೆದು ನಾಲ್ಕು ಕಡ್ಡಿ ಕಾಲು ಹಚ್ಚುತ್ತಾರೆ. ಅದು ಇಂಗ್ಲಿಷ್ ಪ್ರೈಮರಿ ಪುಸ್ತಕದ ಬಿಳಿ ಕುರಿ. ತಮ್ಮ ಹಟ್ಟಿಯ ಕುರಿ ಅವರ ಕೈಗೆ ಬಂದೇ ಇಲ್ಲ. ನನಗೆ ಹೊಟ್ಟೆಯಲ್ಲಿ ಸಂಕಟ ಆಗುವುದು ಇಲ್ಲಿ. ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಲ್ಲಿ ಕುರಿ ನೋಡದ ದಿನವಿಲ್ಲ. ಆದರೂ ಕುರಿಯನ್ನು ಕುರಿ ಎಂದೇ ನೋಡಿ ಕೆತ್ತಿದ, ಬರೆದ ಕೆಲಸ ನಮ್ಮಲ್ಲಿ ಎಲ್ಲಿದೆ? ಬಲ್ಲವರು ಹೇಳಿ.

ಕುರಿಗಾರರ ಮಗ, ಕೆರೂರ

ಮಾಸ್ತರ, ಫೋಟೊ ನೋಡಿದೆ. ನಮ್ಮಪ್ಪಗೂ ತೋರಿಸಿದೆ. ಮರಿ ಹಾಲು ಕುಡಿಯೋ ಚಿತ್ರ ಐತಲ್ರಿ, ಅದನ್ನ ನೋಡಿ ಅಪ್ಪ ‘ಇಂವ ಕುರಿ ಕಾಯ್ದಾನ’ ಅಂದ. ಕಾಯ್ದಿಲ್ಲ, ಕಿಟಕ್ಯಾಗಿಂದ ನೋಡ್ಯಾನ ಅಂದೆ. ‘ಹಂಗಾರ ಬಾಳ ಹೊತ್ತು ನೋಡ್ಯಾನ’ ಅಂದ.

ಯಾಕಂದ್ರ ಮರಿ ಹಾಲು ಕುಡಿಯೋವಾಗ ಸುಮ್ನ ನಿಂತು ಕುಡಿಯಂಗಿಲ್ಲ. ಮುಂಗಾಲು ಮಡಚಿ ಮಂಡಿ ಊರತೈತಿ, ಕುತ್ತಿಗಿ ಮ್ಯಾಲೆತ್ತಿ ಕೆಚ್ಚಲಾ ಗುಮ್ಮತೈತಿ, ಬಾಲ ಪಟಪಟ ಬಡಿತೈತಿ. ತಾಯಿ ಹಿಂದಕ್ಕ ಹೊರಳಿ ಮರಿ ಬಾಲದ ಬುಡ ಮೂಸಿ ನೋಡತೈತಿ, ತಂದ ಹೌದೋ ಅಲ್ಲೋ ಅಂತ. ಬ್ಯಾರೆ ಮರಿ ಆದ್ರ ಒದ್ದು ಓಡಸತೈತಿ. ಆ ಚಿತ್ರದಾಗ ಮರಿ ಗುಮ್ಮೋ ಜೋರು ತಾಯಿ ಹೊಟ್ಟಿ ಮಟ ಹೋದದ್ದು ಕಾಣತೈತಿ. ಗೆರಿ ನೋಡಿದ್ರ ಹುಚ್ಚುಚ್ಚಾರ ಗೀಚಿದಂಗ ಐತಿ, ಆದ್ರ ಕಾಲ ಮ್ಯಾಲ ಭಾರ ಎಲ್ಲಿ ಬಿದ್ದೈತಿ ಅನ್ನೂದು ಒಂದೂ ತಪ್ಪಿಲ್ಲ.

ಇನ್ನೊಂದು ಹೇಳತೀನಿ. ಅಮೀನಗಡ ಸಂತಿಗೆ, ನಮ್ಮ ಕೆರೂರ ಸಂತಿಗೆ ಬಂದು ನೋಡ್ರಿ. ಕುರಿ ಕೊಳ್ಳಾವ ಮೊದಲ ಕಣ್ಣಿಂದ ನೋಡಂಗಿಲ್ಲ. ನಡುವಿನ ಮ್ಯಾಲ ಕೈ ಇಟ್ಟು, ಹೆಬ್ಬಟ್ಟು ಒಂದು ಕಡೆ, ನಾಕ ಬಟ್ಟು ಒಂದು ಕಡೆ, ಬೆನ್ನೆಲುಬು ಒತ್ತಿ ನೋಡತಾನ. ಉಣ್ಣಿ ದಪ್ಪ ಇದ್ರ ಕುರಿ ಮೈತುಂಬಿದಂಗ ಕಾಣತೈತಿ, ಒಳಗ ಎಲುಬ ಇರತಾವು. ಕೈ ಸುಳ್ಳ ಹೇಳಂಗಿಲ್ಲ. ಉಣ್ಣಿ ಒಳಗ ಮೈ ಐತಿ ಅಂತ ಆ ಶಿಲ್ಪಿ ಅಂದದ್ದು ನಮ್ಮ ಸಂತ್ಯಾಗ ಹುಡುಗ್ರಿಗೂ ಗೊತ್ತಿರೋ ಮಾತು. ಆದ್ರ ಅದನ್ನ ಹಾಳಿ ಮ್ಯಾಲ ಯಾರೂ ಇಳಿಸಿಲ್ಲ, ಅದು ಖರೆ.

ಕಲ್ಲು ಕೆಲಸದವ, ಬಾದಾಮಿ

ಪೆನ್ನಿನ ಚಿತ್ರ ಒಪ್ಪಿದೆ, ಬಹಳ ಚೆನ್ನಾಗಿವೆ. ಆದರೆ ಮಾಸ್ತರರೇ, ನೀವು ಹಾಕಿದ ಕೊನೆಯ ಫೋಟೊ, ಆ ಕಂಚಿನ ದೊಡ್ಡ ಶಿಲ್ಪ, ಅದರಲ್ಲಿ ಕುರಿ ಎಲ್ಲಿದೆ? ಎರಡು ದೊಡ್ಡ ಗುಂಡುಕಲ್ಲು ಒಂದಕ್ಕೊಂದು ಒರಗಿದ ಹಾಗೆ ಕಾಣುತ್ತದೆ. ಕಾಲಿಲ್ಲ, ಕೋಡಿಲ್ಲ, ಮುಖವಿಲ್ಲ. ನಮ್ಮ ಮನೆತನದಲ್ಲಿ ಕಲ್ಲು ಕೆತ್ತುತ್ತಲೇ ಬಂದಿದ್ದೇವೆ. ಗಿರಾಕಿಗೆ ನಂದಿ ಅಂತ ಹೇಳಿ ಗುಂಡು ಕೊಟ್ಟರೆ ತಗೊಳ್ಳುತ್ತಾನೆಯೇ? ಕೇಳಬೇಕೆಂದೇ ಕೇಳುತ್ತಿದ್ದೇನೆ, ಸಿಟ್ಟಿಲ್ಲ.

ನಮ್ಮಲ್ಲಿ ಕುರಿ ಇಲ್ಲ ಎಂಬ ಮಾತಿಗೆ ಮಾತ್ರ ನನ್ನ ತಕರಾರಿದೆ. ವೀರಭದ್ರನ ಮೂರ್ತಿ ನೋಡಿ. ಪಾದದ ಬದಿಗೆ ಕೈಮುಗಿದು ನಿಂತ ಟಗರು ತಲೆಯ ದಕ್ಷಬ್ರಹ್ಮ ಇರುತ್ತಾನೆ. ಗೊಡಚಿ ಜಾತ್ರೆಗೆ ಹೋಗುವ ಜನಕ್ಕೆ ಆ ಕತೆ ಹೇಳಿಕೊಡಬೇಕಾಗಿಲ್ಲ. ದಿಕ್ಪಾಲಕರ ಸಾಲಿನಲ್ಲಿ ಅಗ್ನಿ ಕೂರುವುದು ಟಗರಿನ ಮೇಲೆ. ಕೆತ್ತುವವನಿಗೆ ಅದರಲ್ಲಿ ಒಂದು ಕಷ್ಟ ಇದೆ: ಉಣ್ಣೆ. ಕಲ್ಲಿನಲ್ಲಿ ಉಣ್ಣೆ ತೋರಿಸಲು ಹೋದರೆ ಮೈಯೆಲ್ಲ ಗುಳಿಗುಳಿಯಾಗಿ ಸಿಡುಬು ಎದ್ದಂತೆ ಕಾಣುತ್ತದೆ. ಅದಕ್ಕೇ ಹಿಂದಿನವರು ಉಣ್ಣೆಯ ತಂಟೆಗೇ ಹೋಗದೆ ಕೋಡಿನ ಸುರುಳಿ, ಮೂಗಿನ ಉಬ್ಬು, ಕಿವಿ, ಇಷ್ಟರಲ್ಲೇ ಟಗರನ್ನು ಮುಗಿಸಿಬಿಟ್ಟಿದ್ದಾರೆ. ಬಾದಾಮಿಯ ಕೆಂಪು ಮರಳುಗಲ್ಲು ಕೋಡಿನ ಸುರುಳಿಗೆ ಬಹಳ ಒಗ್ಗುತ್ತದೆ. ಉಳಿ ಹಗುರವಾಗಿ ಹಿಡಿದರೆ ಸುರುಳಿಯ ಒಂದೊಂದು ಗೀಟೂ ನಿಲ್ಲುತ್ತದೆ.

ಡ್ರಾಯಿಂಗ್ ಮಾಸ್ತರ, ಹುನಗುಂದ

ಅಣ್ಣಾವರೇ, ನೀವು ಕೇಳಿದ್ದೇ ಮುಖ್ಯ ಪ್ರಶ್ನೆ. ನನಗೆ ತಿಳಿದಷ್ಟು ಹೇಳುತ್ತೇನೆ.

ಆ ಶಿಲ್ಪ 1971–72ರದು, ಹೆಸರು ‘ಶೀಪ್ ಪೀಸ್’. ಐದು ಮೀಟರಿಗೂ ಮಿಕ್ಕಿದ ಕಂಚು. ಪೆರಿ ಗ್ರೀನ್‌ನ ಹೊಲದಲ್ಲಿ ಒಂದಿದೆ, ಇನ್ನೊಂದು ಎರಕ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಸರೋವರದ ದಂಡೆಗೆ ಇದೆ. ಎರಡು ಆಕಾರಗಳಲ್ಲಿ ಒಂದು ಇನ್ನೊಂದರ ಕಡೆ ವಾಲಿಕೊಂಡಿದೆ. ಕೆಲವರು ಅದರಲ್ಲಿ ತಾಯಿ-ಮರಿ ಕಾಣುತ್ತಾರೆ. ನಾನು ಪೆನ್ನಿನ ಚಿತ್ರಗಳನ್ನು ನೋಡಿದ ಮೇಲೆ ಶಿಲ್ಪದ ಫೋಟೊ ಮತ್ತೆ ತೆಗೆದು ನೋಡಿದೆ. ಕೆರೂರ ತಮ್ಮ ಹೇಳಿದ ಆ ‘ಭಾರ’ ಇದೆಯಲ್ಲ, ಒಂದು ಮೈ ಇನ್ನೊಂದು ಮೈಗೆ ಒತ್ತಿ ನಿಲ್ಲುವುದು, ಅದು ಅಲ್ಲಿ ಪೂರ್ತಿ ಇದೆ. ಮೂರ್ ಉಣ್ಣೆಯನ್ನೂ ಕಾಲನ್ನೂ ತೆಗೆದುಹಾಕಿ ಆ ಒತ್ತಡವನ್ನಷ್ಟೇ ಉಳಿಸಿಕೊಂಡರು ಎಂದು ನಾನು ಓದಿಕೊಳ್ಳುತ್ತೇನೆ. ನೀವು ಹೇಳಿದ ಹಿಂದಿನ ಶಿಲ್ಪಿಗಳೂ ಉಣ್ಣೆ ಬಿಟ್ಟು ಕೋಡು ಇಟ್ಟುಕೊಂಡರು. ಇಬ್ಬರೂ ಬಿಟ್ಟಿದ್ದಾರೆ, ಬಿಟ್ಟದ್ದು ಬೇರೆ ಬೇರೆ.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಪೆರಿ ಗ್ರೀನ್‌ನ ಹೊಲದಲ್ಲಿರುವ ಆ ಶಿಲ್ಪವನ್ನು ಕುರಿಗಳು ಬಳಸುತ್ತವೆ. ಕೆಳಗೆ ಮಲಗುತ್ತವೆ, ಮೈ ಉಜ್ಜುತ್ತವೆ. ಕುರಿ ಹತ್ತಿರ ಬಾರದಂತೆ ಅದರ ಸುತ್ತ ಬೇಲಿ ಹಾಕಿಲ್ಲ. ತನ್ನ ಶಿಲ್ಪಗಳ ಸುತ್ತ ಮೇಯಲು ಕುರಿಯೇ ಸರಿಯಾದ ಅಳತೆಯ ಪ್ರಾಣಿ, ಹಸುವೋ ಕುದುರೆಯೋ ನಿಂತರೆ ಶಿಲ್ಪ ಸಣ್ಣದಾಗಿ ಕಂಡೀತು ಎಂದೂ ಮೂರ್ ಹೇಳಿದ್ದಾರೆ. ಶಿಲ್ಪ ಮಾಡುವವನು ಅದರ ಪಕ್ಕ ಯಾವ ಪ್ರಾಣಿ ನಿಲ್ಲುತ್ತದೆ ಎಂದು ಲೆಕ್ಕ ಹಾಕುವುದು ಎಷ್ಟು ದೊಡ್ಡ ಮಾತು!

ದಕ್ಷಬ್ರಹ್ಮನ ವಿಷಯ ಒಪ್ಪುತ್ತೇನೆ. ಆದರೆ ಅಲ್ಲಿ ಟಗರು ಒಂದು ಕತೆಯ ಪಾಲಿಗೆ ಬಂದದ್ದು, ಅಗ್ನಿಯ ಕೆಳಗೆ ವಾಹನವಾಗಿ ಬಂದದ್ದು. ಮರಿಗೆ ಹಾಲೂಡಿಸುವ ಕುರಿ, ಬಿಸಿಲಿಗೆ ತಲೆ ತಗ್ಗಿಸಿದ ಕುರಿ, ಉಣ್ಣೆ ಕತ್ತರಿಸಿದ ಮೇಲೆ ತೆಳ್ಳಗೆ ನಿಂತ ಕುರಿ: ಇವನ್ನು ಹುಡುಕುತ್ತಿದ್ದೇನೆ.

ಇತಿಹಾಸ ಟೀಚರ್, ವಿಜಯಪುರ

ಮಾಸ್ತರರ ಪ್ರಶ್ನೆಗೆ ಒಂದು ಕಾರಣ ನನಗೆ ತೋಚುತ್ತದೆ. ಕಲ್ಲಿನಲ್ಲಿ ಏನು ಉಳಿಯಬೇಕು ಎಂದು ತೀರ್ಮಾನಿಸಿದವರು ಕಲ್ಲಿಗೆ ಹಣ ಕೊಟ್ಟವರು. ಪಟ್ಟದಕಲ್ಲು, ಐಹೊಳೆಯ ಗೋಡೆಗಳ ಮೇಲೆ ಆನೆ, ಕುದುರೆ, ಸಿಂಹ ಎಷ್ಟು ಬೇಕಾದರೂ ಇವೆ. ಕುರಿ ಕಾಯುವವನು ವರ್ಷದ ಬಹುಪಾಲು ಊರೂರು ತಿರುಗುವವನು, ಕೆತ್ತಿಸುವ ಶಕ್ತಿ ಅವನ ಕೈಯಲ್ಲಿರಲಿಲ್ಲ. ಅವನ ಕುರಿ ಉಳಿದದ್ದು ಬಾಯಿಮಾತಿನಲ್ಲಿ. ಕುರುಬರ ಹಾಲುಮತದ ಕತೆಯಲ್ಲಿ ಕುರಿ ಹುತ್ತದಿಂದ ಎದ್ದು ಬರುತ್ತವೆ. ಡೊಳ್ಳಿನ ಪದ ಹಾಡುವವರ ಬಾಯಲ್ಲಿ ನಾನು ಚಿಕ್ಕವಳಿದ್ದಾಗ ಅದನ್ನು ಕೇಳಿದ್ದೇನೆ. ಮಣ್ಣಿನಿಂದ ಕುರಿ ಎದ್ದ ಕತೆ ಇರುವ ನಾಡಿನಲ್ಲಿ ಮಣ್ಣಿನಿಂದ ಕುರಿ ಮಾಡುವವರು ಇರಬೇಕಿತ್ತು. ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಮನೆಯಲ್ಲಿ ಎತ್ತು ಮಾಡುತ್ತೇವೆ. ಆ ಎತ್ತಿನ ಜೊತೆ ಒಂದು ಕುರಿಯನ್ನೂ ಮಾಡಿಸಿ ಮಾಸ್ತರರೇ.

ಕುರಿ ಕೆತ್ತಿದ ಇನ್ನೊಬ್ಬ ದೊಡ್ಡ ಕಲಾವಿದನ ನೆನಪು ಮಾಡಿಕೊಡುತ್ತೇನೆ. ಪಿಕಾಸೊ 1943ರಲ್ಲಿ, ಪ್ಯಾರಿಸ್ ಜರ್ಮನ್ನರ ವಶದಲ್ಲಿದ್ದಾಗ, ಕುರಿಯನ್ನು ಎತ್ತಿಕೊಂಡು ನಿಂತ ಒಬ್ಬ ಮನುಷ್ಯನ ಶಿಲ್ಪ ಮಾಡಿದ. ಆಳೆತ್ತರಕ್ಕೂ ಮಿಗಿಲಾದದ್ದು. ಅದರ ಒಂದು ಎರಕ ದಕ್ಷಿಣ ಫ್ರಾನ್ಸಿನ ವಲೊರಿಸ್ ಊರಿನ ಚೌಕದಲ್ಲಿ ನಿಂತಿದೆ. ಆ ಕುರಿ ಸುಮ್ಮನೆ ಕೂತಿಲ್ಲ. ಕುತ್ತಿಗೆ ಚಾಚಿ ತಪ್ಪಿಸಿಕೊಳ್ಳಲು ನೋಡುತ್ತಿದೆ, ಅವನು ಕಾಲುಗಳನ್ನು ಒಟ್ಟುಗೂಡಿಸಿ ಒಂದೇ ಮುಷ್ಟಿಯಲ್ಲಿ ಬಿಗಿ ಹಿಡಿದಿದ್ದಾನೆ. ನಮ್ಮ ಕಡೆ ದಾರಿಯಲ್ಲಿ ಈದ ಮರಿಯನ್ನು ಎತ್ತಿಕೊಂಡು ನಡೆಯುವ ಕುರಿಗಾರರನ್ನು ಕಂಡವರು ಆ ಹಿಡಿತವನ್ನು ಗುರುತಿಸದೆ ಇರಲಾರರು.

ಬೆಳಗಾವಿ ಓದುಗ

ಹಾವೇರಿ ಜಿಲ್ಲೆಯ ಗೊಟಗೋಡಿ ಉತ್ಸವ ರಾಕ್ ಗಾರ್ಡನ್ ಯಾರೂ ನೆನೆಯಲಿಲ್ಲವಲ್ಲ? ಸೊಲಬಕ್ಕನವರ ಅವರು ಹಳ್ಳಿ ಬದುಕನ್ನೇ ಸಿಮೆಂಟಿನಲ್ಲಿ ನಿಲ್ಲಿಸಿದ್ದಾರೆ, ಬಣ್ಣ ಸಮೇತ. ಜನ ಹೋಗಿ ಶಿಲ್ಪದ ಪಕ್ಕ ನಿಂತು ಮಾತಾಡಿಸುತ್ತಾರೆ, ಅಷ್ಟು ಜೀವಂತ.

ಮೂರ್ ಬಗ್ಗೆ ನನ್ನದೊಂದು ಮಾತು. 1940–41ರಲ್ಲಿ ಬಾಂಬ್ ದಾಳಿಯ ರಾತ್ರಿಗಳಲ್ಲಿ ಲಂಡನ್ನಿನ ಜನ ನೆಲದಡಿಯ ರೈಲು ನಿಲ್ದಾಣಗಳಲ್ಲಿ ಮಲಗುತ್ತಿದ್ದರು. ಅವರನ್ನು ಮೂರ್ ಬರೆದಿದ್ದಾರೆ. ಹೊದಿಕೆ ಹೊದ್ದು ಸಾಲಾಗಿ ಮಲಗಿದ ಮೈಗಳು. ಹೊದಿಕೆಯೊಳಗಿನ ಮೈಯನ್ನು ಕಾಣುವ ಕಣ್ಣು ಅವರಿಗೆ ಆಗಲೇ ಇತ್ತು, ಮೂವತ್ತು ವರ್ಷದ ಮೇಲೆ ಅದೇ ಕಣ್ಣು ಕುರಿಯ ಉಣ್ಣೆಯೊಳಗೆ ಹೋಯಿತು ಅಂತ ನನಗೆ ಅನಿಸುತ್ತದೆ. ಚಿಕ್ಕೋಡಿ, ರಾಯಬಾಗದ ಕಡೆ ಬರಿದಾದ ಹೊಲದಲ್ಲಿ ಕುರಿ ತರುಬಿ, ಪಕ್ಕದಲ್ಲೇ ಕಂಬಳಿ ಹೊದ್ದು ಮಲಗುವ ಕುಟುಂಬಗಳನ್ನು ಬೆಳಗಿನ ಬಸ್ಸಿನಿಂದ ನೋಡಿದವನು ನಾನು. ಅದನ್ನು ಬರೆಯುವ ಒಬ್ಬ ಕಲಾವಿದ ನಮ್ಮಲ್ಲಿ ಹುಟ್ಟಲಿ ಅಂತ ನಿಜವಾಗಿಯೂ ಆಸೆ.

ಪಶುವೈದ್ಯ, ಅಥಣಿ

ಚಿತ್ರ ಬರೆಯುವ ಮಕ್ಕಳಿಗೆ ಉಪಯೋಗ ಆಗಲಿ ಎಂದು ಕೆಲವು ಮಾತು. ಮೂರ್ ಬರೆದದ್ದು ಇಂಗ್ಲೆಂಡಿನ ದಟ್ಟ ಉಣ್ಣೆಯ ಕುರಿ. ನಮ್ಮ ದಖನಿ ಕುರಿಯ ಮೈಕಟ್ಟು ಬೇರೆ. ಹೆಚ್ಚಿನವು ಕಪ್ಪು, ಉಣ್ಣೆ ಒರಟು, ಕಂಬಳಿಗೆ ಆಗುವಂಥದ್ದು. ಮೂಗು ಉಬ್ಬಿ ಬಾಗಿದೆ, ಕಿವಿ ಇಳಿಬಿದ್ದಿದೆ, ಮೈಲಿಗಟ್ಟಲೆ ನಡೆಯುವ ಪ್ರಾಣಿಯಾದ್ದರಿಂದ ಕಾಲು ಉದ್ದ. ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುತ್ತಾರೆ; ಕತ್ತರಿಸಿದ ದಿನ ಹೋಗಿ ಬರೆಸಿದರೆ ಪಕ್ಕೆಲುಬು, ಭುಜದ ಮೂಳೆ, ತೊಡೆಯ ಸ್ನಾಯು ಎಲ್ಲ ಕಣ್ಣಿಗೆ ಬೀಳುತ್ತವೆ. ಬಾಗಲಕೋಟೆ ಕಡೆಯ ಯಳಗ ಕುರಿ ಮತ್ತೊಂದು ಥರ, ಅದನ್ನು ಸಾಕುವುದು ಮಾಂಸಕ್ಕೆ.

ಕುರಿಗೂ ಆಡಿಗೂ ವ್ಯತ್ಯಾಸ ಮಕ್ಕಳಿಗೆ ಬಾಲದಲ್ಲಿ ತೋರಿಸಿ. ಆಡಿನ ಬಾಲ ಮೇಲಕ್ಕೆ, ಕುರಿಯದು ಕೆಳಕ್ಕೆ. ಕಣ್ಣಿನ ಪಾಪೆ ಅಡ್ಡಕ್ಕೆ ಉದ್ದವಾಗಿರುತ್ತದೆ, ಅದರಿಂದ ತಲೆ ತಿರುಗಿಸದೆಯೇ ಬದಿ, ಹಿಂದು ಎಲ್ಲ ಕಾಣುತ್ತದೆ. ದುಂಡು ಪಾಪೆ ಬರೆದರೆ ಮುಖ ಮನುಷ್ಯರದಾಗಿಬಿಡುತ್ತದೆ.

ಒಂದೊಂದು ಕುರಿಗೂ ಒಂದೊಂದು ಮುಖ ಎಂದು ಮೂರ್ ಕಂಡುಕೊಂಡದ್ದಕ್ಕೆ ವಿಜ್ಞಾನದ ಬೆಂಬಲವೂ ಇದೆ. ಇಂಗ್ಲೆಂಡಿನ ಬಾಬ್ರಹಾಂ ಸಂಸ್ಥೆಯ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕುರಿಗಳು ಬೇರೆ 50 ಕುರಿಗಳ ಮುಖವನ್ನು ಎರಡು ವರ್ಷಕ್ಕೂ ಹೆಚ್ಚು ಕಾಲ ನೆನಪಿಟ್ಟುಕೊಂಡಿದ್ದವು. ಕುರಿಗೆ ಕುರಿಯ ಮುಖ ಬೇರೆ ಬೇರೆಯಾಗಿ ಕಾಣುತ್ತದೆ. ಕುರಿಗಾರನಿಗೂ ಕಾಣುತ್ತದೆ, ನೂರಾರು ಕುರಿಗಳ ಹಿಂಡಿನಲ್ಲಿ ಒಂದು ಕಡಿಮೆಯಾದರೆ ಎಣಿಸದೆಯೇ ‘ಇಂಥದ್ದು ಬಂದಿಲ್ಲ’ ಎನ್ನುವ ಹಿರಿಯರನ್ನು ನಾನು ಕೆಲಸದ ಮೇಲೆ ಹೋದಲ್ಲೆಲ್ಲ ನೋಡಿದ್ದೇನೆ.

ಕಲ್ಲು ಕೆಲಸದವ, ಬಾದಾಮಿ

ಡಾಕ್ಟರ ಸಾಹೇಬರು ಮೂಗಿನ ಉಬ್ಬು ಅಂದದ್ದು ಓದಿ ಸಂತೋಷವಾಯಿತು. ಟಗರಿನ ತಲೆ ಕೆತ್ತುವಾಗ ನಮ್ಮ ಹಿರಿಯರು ಮೊದಲು ಎಳೆಯುವ ಗೆರೆ ಅದೇ. ಹಣೆಯಿಂದ ತುಟಿವರೆಗೆ ಒಂದೇ ಬಾಗು. ಅದನ್ನು ನಾವು ನೋಡಿಯೇ ಕಲಿತಿದ್ದೇವೆ, ಪುಸ್ತಕದಿಂದ ಅಲ್ಲ.

ಮಾಸ್ತರರೇ, ಎರಡು ಮೈ ಒತ್ತಿ ನಿಲ್ಲುವ ಮಾತು ಹೇಳಿದಿರಲ್ಲ, ಅದನ್ನು ತಲೆಯಲ್ಲಿಟ್ಟುಕೊಂಡು ಫೋಟೊ ಮತ್ತೆ ನೋಡಿದೆ. ಮೇಲಿನದು ಬಾಗಿದ ರೀತಿ, ಕೆಳಗಿನದು ತಡೆದುಕೊಂಡ ರೀತಿ ಈಗ ಕಾಣುತ್ತಿದೆ. ಆದರೂ ನಾನಾದರೆ ಒಂದು ಮೂಗು ಇಡುತ್ತಿದ್ದೆ. ಮೂಗಿಲ್ಲದೆ ದಖನಿ ಕುರಿ ಆಗುವುದಿಲ್ಲ. ನಿಮ್ಮ ಶಾಲೆಗೆ ಒಂದು ಕುರಿ ಮಾಡಿಕೊಡುತ್ತೇನೆ, ಕಲ್ಲು ನನ್ನದೇ. ಹುಡುಗರು ಮೇಲೆ ಹತ್ತಿ ಕೂರಲಿ. ಅವರು ಬರೆದ ಚಿತ್ರಗಳಲ್ಲಿ ಯಾವುದು ಚೆನ್ನಾಗಿದೆಯೋ ಅದನ್ನು ಕಳಿಸಿ, ಅದನ್ನು ನೋಡಿಯೇ ಕೆತ್ತುತ್ತೇನೆ.

ಡ್ರಾಯಿಂಗ್ ಮಾಸ್ತರ, ಹುನಗುಂದ

ಅಣ್ಣಾವರೇ, ಏನು ಹೇಳಬೇಕೋ ತಿಳಿಯುತ್ತಿಲ್ಲ. ನಾಳೆಯೇ ಹೆಡ್ ಮಾಸ್ತರರ ಹತ್ತಿರ ಮಾತಾಡುತ್ತೇನೆ. ಮಕ್ಕಳನ್ನು ಹಟ್ಟಿಗೆ ಕರೆದುಕೊಂಡು ಹೋಗುವುದೇ ಸರಿ. ರಬ್ಬರು, ಪೆನ್ಸಿಲ್ ಬೇಡ, ಎಲ್ಲರ ಕೈಗೂ ಬಾಲ್‌ಪೆನ್ ಕೊಡುತ್ತೇನೆ. ಅಳಿಸಲು ಬರದಿದ್ದರೆ ನೋಡಲೇಬೇಕಾಗುತ್ತದೆ. ಕೆರೂರ ತಮ್ಮಾ, ಯಾವ ಹೊತ್ತಿಗೆ ಬಂದರೆ ಒಳ್ಳೆಯದು?

ಕುರಿಗಾರರ ಮಗ, ಕೆರೂರ

ಮಾಸ್ತರ, ಮುಂಜಾನೆ ಬರಬ್ಯಾಡ್ರಿ. ಆಗ ಮೇಯಾಕ ಹೊಂಟಿರತಾವು, ನಿಲ್ಲಂಗಿಲ್ಲ. ಮಟಮಟ ಮಧ್ಯಾಹ್ನ ಬರ್ರಿ. ಬಿಸಲಿಗೆ ಎಲ್ಲಾ ಕೂಡಿ ಗುಂಪಾಗಿ ನಿಂದರತಾವು, ಒಂದರ ಹೊಟ್ಟಿ ಕೆಳಗ ಇನ್ನೊಂದು ತಲಿ ತೂರಸತೈತಿ. ಆವಾಗ ಅಲುಗಾಡಂಗಿಲ್ಲ, ಬೇಕಾದಷ್ಟು ಹೊತ್ತು ಬರೀಬಹುದು. ಎರಡು ಮೈ ಒತ್ತಿ ನಿಲ್ಲೂದು ಅಂದ್ರಿ ಅಲ್ಲ, ಅಲ್ಲಿ ಹಿಂಡಿಗೆ ಹಿಂಡs ಹಂಗ ನಿಂತಿರತೈತಿ. ಹಾಲು ಕುಡಿಯೋದು ನೋಡಬೇಕಂದ್ರ ಹೊತ್ತು ಮುಳುಗೋ ಮುಂದ ಇರ್ರಿ. ಮರಿಗೋಳ್ನ ದಡ್ಡಿಯಿಂದ ಬಿಡತೀವಿ, ತಾಯಿ ಹುಡುಕ್ಕೊಂತ ಓಡತಾವು.

ಹುಡುಗ್ರಿಗೆ ಎರಡು ಮಾತು ಹೇಳಿ ಕರಕೊಂಡು ಬರ್ರಿ. ಓಡಬಾರದು, ಚೀರಬಾರದು, ಒಂದು ಬೆದರಿದ್ರ ಹಿಂಡೆಲ್ಲಾ ಬೆದರತೈತಿ. ನಾಯಿ ಎರಡ ಅದಾವು, ಅಪ್ಪ ಹಿಡಕೊಂಡಿರತಾನ. ಬರದ ಮ್ಯಾಲ ಒಬ್ಬೊಬ್ಬರಾಗಿ ಬಂದು ಕುರಿ ನಡಾ ಹಿಡದು ನೋಡ್ಲಿ. ಹೆಂಗ ಹಿಡೀಬೇಕು ಅಂತ ಅಪ್ಪನ ತೋರಸ್ತಾನಂತ.